ಮೂರು ನಂಗೆ, ಒಂಬತ್ತು ನಿಂಗೆ

ಸ್ವರ್ಣಲತಾ ಮದುವೆಯಾಗಿ ಭೀಮನಬೀಡಿಗೆ ಹೋಗಿ ಇವತ್ತಿಗೆ ಅರವತ್ತೆಂಟು ದಿನ. ದಿನಗಳನ್ನು ನಾನು ಎಣಿಸುತ್ತಿಲ್ಲ, ಅವಿಭಾಜ್ಯ ಸಂಖ್ಯೆಗಳೇ ಎಣಿಸಿ ಕೊಡುತ್ತಿವೆ. ಏಳರಿಂದ ಶುರು ಮಾಡಿ ದಿನಕ್ಕೊಂದರಂತೆ ಬಂದರೆ ನಿನ್ನೆಯದು 349, ಇವತ್ತಿನದು 353.

ಇವತ್ತು ಗುರುವಾರ. ಕಾಲೇಜಿಗೆ ಚಕ್ಕರ್ ಹೊಡೆದು ಗುಂಡ್ಲುಪೇಟೆ ಬಸ್ಸು ಹತ್ತಿದ್ದೇನೆ. ಬ್ಯಾಗಿನಲ್ಲಿ ಐದನೇ ಸೆಮಿಸ್ಟರಿನ ಅಡ್ಮಿಷನ್ ಫಾರಂ ಇದೆ. ನನ್ನದಲ್ಲ, ಅವಳದು. ಹೆಸರು, ಅಪ್ಪನ ಹೆಸರು, ಜಾತಿ, ವಿಷಯ ಎಲ್ಲವನ್ನೂ ನಾನೇ ತುಂಬಿದ್ದೇನೆ. ಸಹಿಯೊಂದು ಬಾಕಿ. ಶನಿವಾರ ಕೊನೆಯ ದಿನ. ಇವತ್ತು ಸಹಿ ಹಾಕಿಸಿಕೊಂಡು ಹೋದರೆ ಹರದನಹಳ್ಳಿ ಬಸ್ಸಿನಲ್ಲಿ ನನ್ನ ಪಕ್ಕದ ಕಿಟಕಿ ಸೀಟು ಮತ್ತೆ ಅವಳದು. ಇಲ್ಲದಿದ್ದರೆ ಇನ್ನೊಂದು ವರ್ಷ ಅಲ್ಲಿ ನನ್ನ ಬ್ಯಾಗೇ ಕೂರಬೇಕು.

ಇದೆಲ್ಲ ಶುರುವಾದದ್ದು ಮೃತ್ಯುಂಜಯ ಸಾರ್ ಕ್ಲಾಸಿನಲ್ಲಿ. ಊಟದ ನಂತರದ ಪಿರಿಯಡ್, ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಸಾರ್ ಬೋರ್ಡಿನ ಮೇಲೆ ದೊಡ್ಡದಾಗಿ 73939133 ಎಂದು ಬರೆದರು.

"ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಅವಿಭಾಜ್ಯ. ಒಂದು ಮತ್ತೆ ತಾನು, ಇವೆರಡು ಬಿಟ್ರೆ ಯಾವುದರಿಂದಲೂ ಭಾಗ ಆಗಲ್ಲ. ಈಗ ನೋಡಿ" ಎಂದು ಬಲಗಡೆಯ ಕೊನೆಯ ಮೂರನ್ನು ಅಂಗೈಯಿಂದ ಒರೆಸಿದರು. 7393913 ಉಳಿಯಿತು. "ಇದೂ ಅವಿಭಾಜ್ಯ." ಇನ್ನೊಂದು ಅಂಕಿ ಒರೆಸಿದರು. "ಇದೂನೂ." ಹೀಗೆ 73939, 7393, 739, 73 ಎಂದು ಒರೆಸುತ್ತಾ ಒರೆಸುತ್ತಾ ಕೊನೆಗೆ ಬೋರ್ಡಿನ ಮೇಲೆ ಒಂದೇ ಒಂದು ಏಳು ನಿಂತಿತ್ತು. "ಏನು ಕಿತ್ಕೊಂಡ್ರೂ ಉಳಿದದ್ದು ಒಡೆಯಲ್ಲ ನೋಡಿ. ಈ ಗುಣ ಇರೋ ಸಂಖ್ಯೆಗಳಲ್ಲಿ ಇದೇ ದೊಡ್ಡದು. ಇದಾದ ಮೇಲೆ ಇಲ್ಲ."

ತೂಕಡಿಸುತ್ತಿದ್ದ ನಾನು ನೆಟ್ಟಗೆ ಕೂತೆ. ಪಕ್ಕದಲ್ಲಿದ್ದ ಸ್ವರ್ಣಲತಾ ಆಗಲೇ ಎದ್ದು ನಿಂತಿದ್ದಳು.

"ಇದರ ಕೊನೆಗೆ ಇನ್ನೊಂದು ಅಂಕಿ ಸೇರಿಸಿದ್ರೆ ಏನಾಗತ್ತೆ ಸಾರ್?"

"ಒಡೆಯತ್ತೆ. ಯಾವ ಅಂಕಿ ಹಾಕಿದ್ರೂ ಒಡೆಯತ್ತೆ."

"ಯಾವುದರಿಂದ ಒಡೆಯತ್ತೆ?"

ಸಾರ್ ಕೈಗೆ ಮೆತ್ತಿದ್ದ ಚಾಕ್ ಪುಡಿ ಕೊಡವಿಕೊಂಡು ನಕ್ಕರು. "ಅದನ್ನೂ ನಾನೇ ಹೇಳ್ಬಿಟ್ರೆ ನೀವು ಏನಮ್ಮ ಮಾಡ್ತೀರಾ? ಒಡೆದು ನೋಡಿ."

ಅವತ್ತು ಸಂಜೆ ಬಸ್ಸಿನಲ್ಲೇ ನೋಡಿದೆವು. ಕೊನೆಗೆ ಸಮ ಅಂಕಿಯನ್ನೋ ಐದನ್ನೋ ಹಾಕಿದರೆ ಕಣ್ಣಿಗೇ ಗೊತ್ತಾಗುತ್ತದೆ. ಒಂದು ಹಾಕಿದರೆ ಅಂಕಿಗಳ ಮೊತ್ತ ಮೂವತ್ತೊಂಬತ್ತು, ಏಳು ಹಾಕಿದರೆ ನಲವತ್ತೈದು. ಎರಡೂ ಮೂರರಿಂದ ಹೋಗುತ್ತವೆ. ಉಳಿದದ್ದು ಎರಡೇ. ಮೂರರಲ್ಲಿ ಮುಗಿಯುವ 739391333, ಒಂಬತ್ತರಲ್ಲಿ ಮುಗಿಯುವ 739391339. ಅಷ್ಟರಲ್ಲಿ ಹರದನಹಳ್ಳಿ ಬಂತು. ಆಮೇಲೆ ಟೆಸ್ಟು, ಪ್ರಾಕ್ಟಿಕಲ್ಲು, ಪರೀಕ್ಷೆ. ನಡುವೆ ಅವಳನ್ನು ನೋಡಲು ಭೀಮನಬೀಡಿನಿಂದ ಯಾರೋ ಬಂದರು. ಪರೀಕ್ಷೆ ಮುಗಿದ ಹನ್ನೊಂದನೇ ದಿನಕ್ಕೆ ಮದುವೆ. ಎರಡು ಸಂಖ್ಯೆಗಳೂ ಹಾಗೇ ಉಳಿದುಬಿಟ್ಟವು.

ಚೌಟ್ರಿಯಲ್ಲಿ ಫೋಟೋ ತೆಗೆಸಿಕೊಳ್ಳಲು ನಾನು ಪಕ್ಕಕ್ಕೆ ಹೋಗಿ ನಿಂತಾಗ, ಅಷ್ಟು ಜನರ ಮುಂದೆ, ಹಣೆಯ ಬಾಸಿಂಗ ಅಲ್ಲಾಡದ ಹಾಗೆ ಅವಳು ನನ್ನ ಕಿವಿಗೆ ಹೇಳಿದ್ದು ಇದು:

"ಮೂರು ನಂಗೆ, ಒಂಬತ್ತು ನಿಂಗೆ. ದಿನಕ್ಕೊಂದೇ ಭಾಗಾಕಾರ. ಎರಡು ಮಾಡ್ದೋಳು ನಾಯಿ."

"ಫೋನು?"

"ಕ್ಯಾಲ್ಕುಲೇಟರ್ ಮುಟ್ಟಿದ್ರೆ ಮಾದಪ್ಪನ ಆಣೆ. ಕೈಯಲ್ಲೇ ಮಾಡ್ಬೇಕು. ಮಾಡಿ ಮೆಸೇಜ್ ಹಾಕು. ಯಾರ್ದು ಮೊದ್ಲು ಒಡೀತದೋ ಅಲ್ಲಿಗೆ ಆಟ ಮುಗೀತು."

"ಐದ್ನೇ ಸೆಮ್ಮು?"

"ಬತ್ತೀನಿ ಕಣಮ್ಮಿ. ಜಾಗ ಇಟ್ಟಿರು."

ಫೋಟೋದವನು "ಮೇಡಂ, ಸ್ವಲ್ಪ ನಗಿ" ಎಂದ. ನಾನು ಮೊದಲೇ ಹಲ್ಲು ಕಿರಿದುಕೊಂಡಿದ್ದೆ. ಈಗ ಆ ಫೋಟೋ ನೋಡಿದರೆ ಮದುಮಗಳಿಗಿಂತ ನಾನೇ ಹೆಚ್ಚು ಖುಷಿಯಾಗಿರುವ ಹಾಗೆ ಕಾಣುತ್ತದೆ.

ಒಂಬತ್ತಂಕಿಯ ಸಂಖ್ಯೆಯನ್ನು ಒಡೆಯಬೇಕೆಂದರೆ ಇಪ್ಪತ್ತೇಳು ಸಾವಿರದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅಂಥವು ಮೂರು ಸಾವಿರದ ಹತ್ತಿರ ಇವೆ. ದಿನಕ್ಕೊಂದರಂತೆ ಎಂಟು ವರ್ಷಕ್ಕೆ ಸಾಲುವಷ್ಟು. ಈ ಲೆಕ್ಕ ಮಾಡಿದ ದಿನ ನನಗೆ ಎಷ್ಟು ಸಂತೋಷವಾಯಿತೆಂದರೆ ಅಮ್ಮ "ಏನಮ್ಮಿ, ಲಾಟ್ರಿ ಒಡೀತಾ?" ಎಂದು ಕೇಳಿದರು.

ಅವಳು ಉದ್ದ ನೋಟ್‌ಬುಕ್ಕಿನಲ್ಲಿ ಮಾಡುತ್ತಾಳೆ. ನಾನು ಫೋನಿನ ನೋಟ್ಸಿನಲ್ಲೇ ಹೆಬ್ಬೆರಳಿನಿಂದ ಒಂದೊಂದೇ ಸಾಲು ಒತ್ತಿಕೊಂಡು, ಮನಸ್ಸಿನಲ್ಲೇ ಕಳೆದುಕೊಂಡು ಮಾಡುತ್ತೇನೆ. ಹರದನಹಳ್ಳಿಯಿಂದ ಚಾಮರಾಜನಗರ ಬರುವಷ್ಟರಲ್ಲಿ ಒಂದು ಭಾಗಾಕಾರ ಮುಗಿಯುತ್ತದೆ. ಶೇಷ ಉಳಿದರೆ "ಒಡೆದಿಲ್ಲ" ಎಂದು ಕಳಿಸುತ್ತೇನೆ. ಹತ್ತು ನಿಮಿಷಕ್ಕೆಲ್ಲ ಅವಳದೂ ಬರುತ್ತದೆ. "ಒಡೆದಿಲ್ಲ." ಕೆಲವು ದಿನ ಅದರ ಜೊತೆ ಇನ್ನೇನೂ ಇರುವುದಿಲ್ಲ. ಕೆಲವು ದಿನ "ಇಲ್ಲಿ ಚೆಂಡುಹೂ ಕೀಳ್ತಾವ್ರೆ" ಎಂದೋ, "ಅತ್ತೆ ಸಾರಿಗೆ ಉಪ್ಪೇ ಆಕಲ್ಲ ಕಣೆ" ಎಂದೋ ಬಾಲ ಇರುತ್ತದೆ. ಬಾಲ ಬೇಡ, ಆ ಒಂದು ಪದ ಸಾಕಾಗಿತ್ತು ನನಗೆ. ಒಡೆದಿಲ್ಲ ಎಂದರೆ ಆಟ ಮುಗಿದಿಲ್ಲ, ಆಟ ಮುಗಿದಿಲ್ಲ ಎಂದರೆ ಅವಳು ಬರುತ್ತಾಳೆ. ಇದಕ್ಕೆ ಪುರಾವೆ ಕೊಡು ಎಂದು ಮೃತ್ಯುಂಜಯ ಸಾರ್ ಕೇಳಿದರೆ ನನ್ನ ಬಳಿ ಇಲ್ಲ.

ಕ್ಲಾಸಿನಲ್ಲೂ ಬೆಂಚಿನ ಮೇಲೆ ಅವಳ ಜಾಗಕ್ಕೆ ನನ್ನ ಬ್ಯಾಗು ಇಡುತ್ತಿದ್ದೆ. ಶೃತಿ ಒಂದು ದಿನ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ನಿನ್ ಬ್ಯಾಗ್ಗೂ ಬಿ.ಎಸ್ಸಿ. ಸೀಟ್ ಸಿಕ್ಕದಾ?"

"ಲತಾ ಬತ್ತಾಳೆ."

"ಬಂದಾಗ ಎದ್ದೋಯ್ತೀನಿ ಬುಡು. ಈಗ ಎತ್ತು."

ನಾನು ಎತ್ತಲಿಲ್ಲ. ಶೃತಿ ನಾಲ್ಕು ದಿನ ಮಾತು ಬಿಟ್ಟಳು.

ಆಷಾಢ ಬರುತ್ತದೆ ಎಂದು ಕಾದೆ. ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸಿಲು ದಾಟಬಾರದು, ತಿಂಗಳು ಪೂರ್ತಿ ತವರಿಗೆ ಕಳಿಸುತ್ತಾರೆ. ಲೋಕವೆಲ್ಲ ಅಶುಭವೆನ್ನುವ ತಿಂಗಳಿಗೆ ನಾನೊಬ್ಬಳೇ ಬೆರಳು ಮಡಿಸಿ ಕಾದಿದ್ದು. ಆದರೆ ಆಷಾಢದ ಮೊದಲ ದಿನ ಬಂದ ಮೆಸೇಜು ಹೀಗಿತ್ತು: "ಒಡೆದಿಲ್ಲ. ಅವ್ವ ಚಂದಕವಾಡಿಲಿ ಅಕ್ಕನ ಬಾಣಂತನದಲ್ಲವ್ಳೆ. ಅದ್ಕೆ ಈ ತಿಂಗ್ಳು ಗುಂಡ್ಲುಪೇಟೆ ಚಿಕ್ಕಮ್ಮನ ಮನೇಲಿರ್ತೀನಿ."

ಚಂದಕವಾಡಿ ಏನು ದೇಶಾಂತರವೇ? ನಮ್ಮ ತಾಲ್ಲೂಕೇ. ಅಕ್ಕನ ಮನೆಯಲ್ಲಿದ್ದರೆ ಅಲ್ಲಿಂದ ಬಸ್ಸಿಗೆ ಕಾಲೇಜಿಗೆ ಬರಬಹುದಿತ್ತು. ಅವಳಿಗೆ ಇದು ಹೊಳೆದಿಲ್ಲ ಎಂದುಕೊಂಡೆ. ಹೊಳೆಯದೇ ಇದ್ದದ್ದು ನನಗೆ.

ತೆರಕಣಾಂಬಿ ದಾಟುವಷ್ಟರಲ್ಲಿ ಮೋಡ ಮುಚ್ಚಿಕೊಂಡಿತು. ಗುಂಡ್ಲುಪೇಟೆ ಹತ್ತಿರವಾದಂತೆ ಸೂರ್ಯಕಾಂತಿ ಹೊಲಗಳು. ರಸ್ತೆ ಬದಿ ಕಾರು ನಿಲ್ಲಿಸಿಕೊಂಡು ಕೇರಳದವರು ಹೂವಿನ ನಡುವೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಸೂರ್ಯನೇ ಇಲ್ಲದ ದಿನವೂ ಹೂಗಳೆಲ್ಲ ಒಂದೇ ಕಡೆ ಮುಖ ಮಾಡಿದ್ದವು. ಇವತ್ತಿನ 353 ಅನ್ನು ನಾನು ಮಾಡಿರಲಿಲ್ಲ. ಅವಳ ಎದುರಿಗೇ ಕೂತು ಮಾಡೋಣ ಎಂದು ಉಳಿಸಿಕೊಂಡಿದ್ದೆ. ಬರುತ್ತೇನೆ ಎಂದು ಹೇಳಿಯೂ ಇರಲಿಲ್ಲ.

ಚಿಕ್ಕಮ್ಮನ ಮನೆ ಬಸ್ ಸ್ಟ್ಯಾಂಡಿನಿಂದ ನಡೆಯುವಷ್ಟು ದೂರ. ಬಾಗಿಲಲ್ಲೇ ಹೊಲಿಗೆ ಮಿಷನ್ ಹಾಕಿಕೊಂಡು ಸುಧಾಮಣಿ ಚಿಕ್ಕಮ್ಮ ರವಿಕೆ ಹೊಲಿಯುತ್ತಿದ್ದರು. ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರವ್ವ?"

"ಶಿವರಂಜನಿ. ಹರದನಹಳ್ಳಿಯಿಂದ."

"ಓ, ಲೆಕ್ಕದ ಅಮ್ಮಿ! ಬಾ ಬಾ. ನಿನ್ ಸುದ್ದಿ ಕೇಳಿ ಕೇಳಿ ನನ್ ಕಿವಿ ತೂತಾಗದೆ. ಕೂತ್ಕೊ."

"ಲತಾ ಎಲ್ಲಿ ಚಿಕ್ಕಮ್ಮ?"

"ಕಾಲೇಜ್ಗೋಗವ್ಳೆ. ಮೂರೂವರೆಗೆಲ್ಲ ಬಂದ್ಬುಡ್ತಾಳೆ."

"ಯಾವ ಕಾಲೇಜ್ಗೆ?"

"ಇಲ್ಲಿದ್ಕೇ ಕಣವ್ವ, ನಮ್ ಗುಂಡ್ಲುಪೇಟೆದು. ಸೇರ್ಕಂಡು ಹದಿನೈದು ದಿನಾತು. ಯಾಕೆ, ನಿಂಗೇಳಿಲ್ವಾ?"

"ಹೇಳಿದ್ಲು" ಎಂದೆ. ಮಿಷನ್ನಿನ ಚಕ್ರ ಮತ್ತೆ ತಿರುಗಿತು. ಒಳ್ಳೆಯದಾಯಿತು. ಅದರ ಸದ್ದಿಲ್ಲದಿದ್ದರೆ ನನ್ನ ದನಿ ಹೇಗಿತ್ತೆಂದು ಚಿಕ್ಕಮ್ಮನಿಗೆ ಕೇಳಿಸಿಬಿಡುತ್ತಿತ್ತು.

ಮುದ್ದೆ, ಉಪ್ಸಾರು ಬಡಿಸಿದರು. ಉಂಡೆನೋ ನುಂಗಿದೆನೋ. ಕೈ ತೊಳೆದು ಬಂದಾಗ ಕಿಟಕಿಯ ಹತ್ತಿರ ಅವಳ ಉದ್ದ ನೋಟ್‌ಬುಕ್ಕು ಕಂಡಿತು. ರಟ್ಟಿನ ಮೇಲೆ ಅವಳದೇ ದುಂಡು ಅಕ್ಷರದಲ್ಲಿ 739391333.

"ದಿನಾ ಬೆಳಿಗ್ಗೆ ಎದ್ದು ಅದೇನೋ ಗೀಚ್ತಾಳೆ ಕಣವ್ವ" ಎಂದರು ಚಿಕ್ಕಮ್ಮ. "ಒಂದಿನ ಪೂಜೆನಾದ್ರೂ ಬುಟ್ಟಾಳು, ಅದ ಬುಡಕಿಲ್ಲ."

ತೆರೆದೆ. ಪುಟಕ್ಕೊಂದು ಭಾಗಾಕಾರ. 7, ಶೇಷ 2. 11, ಶೇಷ 10. 13, ಶೇಷ 5. ಪ್ರತಿ ಶೇಷದ ಸುತ್ತ ಕೆಂಪು ಪೆನ್ನಿನ ಪುಟ್ಟ ಸೊನ್ನೆ ಸುತ್ತಿದ್ದಳು. ಪುಟ ತಿರುಗಿಸುತ್ತಾ ಹೋದೆ. 109 ಆಯಿತು, 113 ಆಯಿತು. ಇಪ್ಪತ್ತೆಂಟನೇ ಪುಟ 127.

ಶೇಷದ ಜಾಗದಲ್ಲಿ ಸೊನ್ನೆ ಇತ್ತು.

ಅದರ ಸುತ್ತ ಕೆಂಪು ಸುತ್ತಿರಲಿಲ್ಲ. ನಾನು ತಪ್ಪು ನೋಡಿದೆನೇನೋ ಎಂದು ಕೆಳಗಿನಿಂದ ಮೇಲಕ್ಕೆ ಗುಣಿಸಿದೆ. 127 ಇಂಟು 5821979. ಸರಿಯಾಗಿ 739391333. ಅವಳ ಸಂಖ್ಯೆ ಮದುವೆಯಾದ ಇಪ್ಪತ್ತೆಂಟನೇ ದಿನವೇ ಒಡೆದುಹೋಗಿತ್ತು. ಅವತ್ತೂ, ಅದರ ಮರುದಿನವೂ, ನಿನ್ನೆಯವರೆಗೆ ಪ್ರತಿ ದಿನವೂ ನನಗೆ ಬಂದದ್ದು ಒಂದೇ ಪದ. ಒಡೆದಿಲ್ಲ.

ಕೋಪ ಬಂತು. ಪುಸ್ತಕ ಮುಚ್ಚಿಡಬೇಕೆಂದು ಹಾಳೆ ಸರಿಸಿದಾಗ ಮುಂದಿನ ಪುಟ ಕಂಡಿತು. ಅದು ಖಾಲಿ ಇರಲಿಲ್ಲ. 131, ಶೇಷ 85. ಅದರ ಮುಂದಿನದು 137, ಶೇಷ 4. ಆಮೇಲೆ 139, ಶೇಷ 15. ಒಡೆದ ಸಂಖ್ಯೆಯನ್ನು ಅವಳು ಮತ್ತೆ ಮೊದಲಿನಿಂದ ಅಷ್ಟೂ ಅಂಕಿ ಬರೆದುಕೊಂಡು, ದಿನಕ್ಕೊಂದರಂತೆ, ಏನೂ ಆಗಿಲ್ಲವೆಂಬಂತೆ ಭಾಗಿಸುತ್ತಲೇ ಇದ್ದಳು. ಇವತ್ತು ಬೆಳಿಗ್ಗೆಯ 353ರವರೆಗೆ. ಗಣಿತದಲ್ಲಿ ಇದಕ್ಕಿಂತ ದಡ್ಡ ಕೆಲಸ ಇನ್ನೊಂದಿಲ್ಲ. ಒಮ್ಮೆ ಒಡೆದದ್ದನ್ನು ಯಾರೂ ಹಾಗೆ ನೋಡುವುದಿಲ್ಲ.

ಮೂರೂವರೆಗೆ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಚೂಡಿದಾರ, ಕಾಲುಂಗುರ, ಹೆಗಲಿಗೆ ಅದೇ ಹಳೆಯ ನೀಲಿ ಬ್ಯಾಗು. ನನ್ನನ್ನು ನೋಡಿ ಅವಳ ಮುಖ ಅರಳಿತು, ಅದರ ಹಿಂದೆಯೇ ನನ್ನ ತೊಡೆಯ ಮೇಲಿದ್ದ ಪುಸ್ತಕ ಕಂಡು ಬಾಡಿತು.

"ಯಾವಾಗ ಬಂದ್ಯಮ್ಮಿ?"

"ನೂರಿಪ್ಪತ್ತೇಳು" ಎಂದೆ.

ಅವಳು ಬ್ಯಾಗು ಇಳಿಸಿ ನನ್ನ ಎದುರು ನೆಲಕ್ಕೆ ಕೂತಳು. ಚಿಕ್ಕಮ್ಮ ನಮ್ಮಿಬ್ಬರನ್ನೂ ನೋಡಿ "ಗುಂಡಿ ತರ್ಬೇಕು, ಅಂಗ್ಡಿಗೋಗ್ಬತ್ತೀನಿ" ಎಂದು ಎದ್ದು ಹೋದರು. ಮಿಷನ್ನಿನ ಪಕ್ಕದಲ್ಲೇ ಗುಂಡಿಯ ಡಬ್ಬ ತುಂಬಿತ್ತು.

"ಸುಳ್ಳಿ" ಎಂದೆ.

"ಊಂ."

"ನಲವತ್ತು ದಿನ."

"ಇವತ್ತೂ ಸೇರ್ಸುದ್ರೆ ನಲವತ್ತೊಂದು."

"ಲೆಕ್ಕ ಬ್ಯಾರೆ ಏಳ್ತೀಯಾ!"

ಅವಳು ನಗಲಿಲ್ಲ. ಕಾಲುಂಗುರವನ್ನು ತಿರುಗಿಸುತ್ತಾ ಕೂತಳು. "ಒಡೀತು ಅಂದ್ರೆ ಆಟ ಮುಗೀತು ಅಂತ ನಾನೇ ಹೇಳ್ಬುಟ್ಟಿದ್ದೆ. ಇನ್ನೊಂದ್ ದಿನ ಬುಟ್ಟು ಏಳನ ಅಂದ್ಕಂಡೆ. ಅದ್ರ ಮಾರ್ನೇ ದಿನ ನೀನು 'ಒಡೆದಿಲ್ಲ ಒಡೆದಿಲ್ಲ ಒಡೆದಿಲ್ಲ' ಅಂತ ಮೂರ್ ಸಲ ಕಳ್ಸಿದ್ದೆ. ಹೆಂಗೇಳ್ಲಿ?"

"ಕಾಲೇಜ್ ವಿಷ್ಯ?"

"ಭೀಮನಬೀಡಿಂದ ಚಾಮರಾಜನಗರಕ್ಕೆ ಎರಡು ಬಸ್ಸು ಕಣೆ. ಒಂದ್ ವಾರ ಹೋಗ್ಬೌದು, ವರ್ಷ ಆಗಲ್ಲ. ಯಾರೂ ಬೇಡ ಅನ್ಲಿಲ್ಲ. ಅವ್ರೇ ಬೈಕಲ್ಲಿ ಕರ್ಕಂಬಂದು ಇಲ್ಲಿ ಸೇರುಸ್ದ್ರು. ಅತ್ತೆ ಫೀಸ್ ಕಟ್ಟಕ್ಕೆ ಅಂತ ಸೀರೆ ಗಂಟಿಂದ ತೆಗ್ದು ಕೊಟ್ರು." ಅವರು ಎಂದರೆ ಕುಮಾರಸ್ವಾಮಿ, ಅವಳ ಗಂಡ. ಹೇಳುವಾಗ ಕೆನ್ನೆ ಸ್ವಲ್ಪ ಕೆಂಪಾಯಿತು. ಹಾಳಾದವಳು ಚೆನ್ನಾಗಿಯೇ ಇದ್ದಳು. ಅವಳನ್ನು ಎಲ್ಲಿಂದಲೋ ಬಿಡಿಸಿಕೊಂಡು ಬರುವವಳ ಹಾಗೆ ಫಾರಂ ಹಿಡಿದು ಬಂದಿದ್ದೆ ನಾನು. ಅವಳು ಎಲ್ಲೂ ಸಿಕ್ಕಿಬಿದ್ದಿರಲಿಲ್ಲ.

"ಟಿ.ಸಿ. ತಗಳಕ್ಕೆ ನಮ್ ಕಾಲೇಜ್ಗೆ ಬಂದಿದ್ಯಾ ಹಂಗಾದ್ರೆ?"

ತಲೆಯಾಡಿಸಿದಳು. "ಇಲ್ಲಿ ಸೇರೋ ಹಿಂದಿನ್ ದಿನ, ಮಂಗಳ್ವಾರ. ಮೃತ್ಯುಂಜಯ ಸಾರ್ ಕ್ಲಾಸ್ ನಡೀತಿತ್ತು. ಬಾಗ್ಲು ತಂಕ ಬಂದೆ. ಕಿಟ್ಕಿಲಿ ನೋಡ್ದೆ. ನೀನು ಬೆಂಚಿನ್ ಕೆಳ್ಗೆ ಫೋನ್ ಒತ್ತಿದ್ದೆ. ನನ್ ಜಾಗ್ದಲ್ಲಿ ನಿನ್ ಬ್ಯಾಗು ಕೂತಿತ್ತು. ಕೈಲಿ ಟಿ.ಸಿ. ಇಟ್ಕಂಡು ಒಳಗ್ ಬರಕ್ಕಾಗ್ಲಿಲ್ಲ ಕಣೆ. ಓಡೋಗ್ಬುಟ್ಟೆ."

ಮಂಗಳವಾರ, ಸಾರ್ ಕ್ಲಾಸು. ಅವಳು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಾಗ ನಾನು ಬೆಂಚಿನ ಕೆಳಗೆ ಅವಳಿಗೇ ಮೆಸೇಜು ಒತ್ತುತ್ತಿದ್ದೆ. ಇಷ್ಟು ಹೊತ್ತು ತಡೆದುಕೊಂಡಿದ್ದ ಅಳು ಈಗ ಬಂತು. ಅವಳಿಗೂ ಬಂತು. ಇಬ್ಬರೂ ಅವಳ ಒಂದೇ ವೇಲಿನಲ್ಲಿ ಮೂಗು ಒರೆಸಿಕೊಂಡೆವು. "ಥೂ, ಗಲೀಜಿ" ಎಂದಳು.

ನಾನು ಫಾರಂ ತೆಗೆದು ಅವಳ ಮುಂದಿಟ್ಟೆ. ಅವಳು ಪೂರ್ತಿ ಓದಿದಳು. ತನ್ನ ಹೆಸರನ್ನು ನನ್ನ ಅಕ್ಷರದಲ್ಲಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಗುಚಿ ಹಾಕಿ, ಹಿಂದಿನ ಖಾಲಿ ಬದಿಯಲ್ಲಿ ಪೆನ್ನಿನಿಂದ ಬರೆದಳು: 739391339.

"ನಿಂದು ನಿಜ್ವಾಗ್ಲೂ ಒಡೆದಿಲ್ಲ ತಾನೆ?"

"ನಾನೇನ್ ನಿನ್ನಂಗಾ?"

"ಇವತ್ತಿಂದು ಮಾಡಿಲ್ವಾ?"

"ನಿನ್ ಜೊತೆ ಮಾಡನ ಅಂತ ಬಂದೆ."

353ರ ಮಗ್ಗಿಯನ್ನು ಅವಳು ಪಕ್ಕದಲ್ಲಿ ಬರೆದುಕೊಂಡಳು. ಅವಳು ಗುಣಿಸಿದಳು, ನಾನು ಕಳೆದೆ. ಮೊದಲು ಬಸ್ಸಿನಲ್ಲಿ ಮಾಡುತ್ತಿದ್ದ ಹಾಗೆಯೇ, ಭುಜಕ್ಕೆ ಭುಜ ತಾಗಿಸಿಕೊಂಡು. ನಾನು ಒಂದು ಕಡೆ ತಪ್ಪು ಕಳೆದಾಗ ತಲೆಗೆ ಮೊಟಕಿದಳು. ಕೊನೆಗೆ ಶೇಷ ಹತ್ತು ಉಳಿಯಿತು. ಅವಳು ಅದಕ್ಕೆ ಕೆಂಪು ಸುತ್ತಿದಳು.

"ಇನ್ಮೇಲೆ ಇದು ಇಬ್ರುದೂ" ಎಂದೆ. "ನಾಳೆ 359 ನೀನು. ನಾಡಿದ್ದು 367 ನಾನು."

"ಇದೂ ಒಡೀತದೆ ಕಣಮ್ಮಿ. ಸಾರ್ ಏಳವ್ರಲ್ಲ."

"ಒಡೀಲಿ. ಒಡ್ದ ದಿನ ಏಳು. ಮುಚ್ಚಿಡ್ಬ್ಯಾಡ. ಇನ್ಮೇಲೆ ಬರೀ ಒಡೆದಿಲ್ಲ ಅಂದ್ರೆ ನಂಬಕಿಲ್ಲ ನಾನು. ಶೇಷ ಎಷ್ಟು ಅಂತ ಕಳ್ಸ್ಬೇಕು."

"ಒಡೆದ್ಮ್ಯಾಲೆ?"

ನಾನು ಎದ್ದು ಬ್ಯಾಗು ಹೆಗಲಿಗೇರಿಸಿದೆ.

ಬಸ್ ಸ್ಟ್ಯಾಂಡಿನವರೆಗೆ ಬಂದಳು. ಫಾರಂ ಅವಳೇ ಇಟ್ಟುಕೊಂಡಳು. ಬಸ್ಸು ತಿರುಗುವವರೆಗೂ ಕೈ ಎತ್ತಿಕೊಂಡು ನಿಂತಿದ್ದಳು. ಮಳೆ ಹನಿಯುತ್ತಿತ್ತು, ಕೈ ಕಾಣಿಸುವುದು ನಿಂತ ಮೇಲೂ ನಾನು ಕಿಟಕಿ ಮುಚ್ಚಲಿಲ್ಲ.

ತೆರಕಣಾಂಬಿಯಲ್ಲಿ ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬರು ಹತ್ತಿದರು. ಸೀಟುಗಳನ್ನೆಲ್ಲ ನೋಡುತ್ತಾ ಬಂದು ನನ್ನ ಪಕ್ಕದಲ್ಲಿದ್ದ ಬ್ಯಾಗಿನ ಮುಂದೆ ನಿಂತರು.

"ಇಲ್ಲಿ ಯಾರಾದ್ರೂ ಬತ್ತಾರೇನವ್ವ?"

ಬಾಯಿಗೆ ಬಂದ ಹಳೆಯ ಉತ್ತರವನ್ನು ಅಲ್ಲೇ ನಿಲ್ಲಿಸಿದೆ. "ಇಲ್ಲ. ಕೂತ್ಕೊಳಿ" ಎಂದು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅರವತ್ತೆಂಟು ದಿನದಲ್ಲಿ ಅದು ಅಷ್ಟು ಭಾರವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಹರದನಹಳ್ಳಿ ಬಸ್ಸಿನಲ್ಲಿ ನಿಂತಿದ್ದಾಗ ಫೋನು ಮಿಡಿಯಿತು. "359. ಶೇಷ 324. ಒಡೆದಿಲ್ಲ."

ಇವತ್ತು ನನ್ನ ಸರದಿಯಲ್ಲ. ಆದರೂ ಕಂಬಿಗೆ ಒರಗಿಕೊಂಡು ನೋಟ್ಸ್ ತೆರೆದು ಭಾಗಿಸತೊಡಗಿದೆ. ಕಾಲೇಜು ಸ್ಟಾಪು ಬರುವಷ್ಟರಲ್ಲಿ ನನಗೆ ಬಂದದ್ದು 224. ಇಳಿದು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು, ಬೆಲ್ಲು ಹೊಡೆದರೂ ಏಳದೆ, ಮತ್ತೆ ಮೊದಲಿನಿಂದ ಮಾಡಿದೆ.

324. ಅವಳದೇ ಸರಿ ಇತ್ತು.